ಹೂಂ

ಪೀಣ್ಯ ಎರಡನೇ ಹಂತ, ಬೆಳಗ್ಗೆ ಎಂಟೂವರೆ.
ಅರ್ಧ ಎತ್ತಿದ ಶೆಟರಿನ ಕೆಳಗೆ ಬಿಸಿಲು
ಕತ್ತರಿಸಿಟ್ಟ ತಗಡಿನಂತೆ ಬಿದ್ದಿದೆ.
ಹನ್ನೊಂದು ಜನ ನಿಂತಿದ್ದಾರೆ.
ರಿಜಿಸ್ಟರು ಹಿಡಿದು, ಬೆಳಕಿಗೆ ಬೆನ್ನು ಕೊಟ್ಟು
ನಾನು ಹದಿನೇಳು ವರ್ಷದಿಂದ ಕೇಳಿದ್ದನ್ನೇ ಕೇಳುತ್ತೇನೆ:
"ಅರ್ಥ ಆಯ್ತಾ?"
ತಟ್ಟೆಗೆ ಬೋಲ್ಟು ಸುರಿದ ಹಾಗೆ
ಹನ್ನೊಂದು ಹೂಂ.

ನಾವು ಮಾಡುವುದು ಲಿಫ್ಟಿನೊಳಗಿನ ಫಲಕ.
ಒಂದು, ಎರಡು, ಮೂರು, ಬಾಗಿಲು ತೆರೆ, ಮುಚ್ಚು,
ಮೇಲೊಂದು ಕೆಂಪು ಗಂಟೆ.
ಊರು ಅಡ್ಡಕ್ಕೆ ಸಾಲದೆ ಉದ್ದಕ್ಕೆ ಬೆಳೆಯುವಾಗ
ಯಾರ ಬೆರಳು ಎಲ್ಲಿಗೆ ಎಟುಕುತ್ತದೆ ಎಂದು
ಯೋಚಿಸಬೇಕಾದ ಕೆಲಸ.
ಯೋಚಿಸಿದವಳು ನಾನೊಬ್ಬಳೇ,
ನನ್ನ ಐದಡಿ ಆರಿಂಚಿನ ಮೇಲಿಂದ.

ನಲವತ್ತು ಫಲಕ ಆಸ್ಪತ್ರೆಯೊಂದಕ್ಕೆ ಹೋದವು.
ನಲವತ್ತೂ ವಾಪಸ್ಸು ಬಂದವು, ಅದೇ ಟೆಂಪೋದಲ್ಲಿ.
ಗಾಲಿಕುರ್ಚಿಯಲ್ಲಿ ಕೂತವರ ಕೈ ಗಂಟೆಗೆ ತಾಗುವುದಿಲ್ಲವಂತೆ.

ಪೆಟ್ಟಿಗೆ ಇಳಿಸುತ್ತಾ ಪಬಿತ್ರ ಬೆಹೆರಾ ಅಂದ,
"ಗೊತ್ತಿತ್ತು ಮೇಡಂ. ನನ್ನ ಅಕ್ಕ ಕುರ್ಚಿಯಲ್ಲೇ ಇರೋದು."
"ಗೊತ್ತಿದ್ದೂ ಹೂಂ ಅಂದೆಯಲ್ಲೋ?"
"ನೀವು ಕೇಳಿದ್ದು ಅರ್ಥ ಆಯ್ತಾ ಅಂತ. ಆಗಿತ್ತು.
ಸರಿ ಇದೆಯಾ ಅಂತ ಕೇಳಲಿಲ್ಲ."

ಆ ರಾತ್ರಿ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ
ನನಗೆ ಗೊತ್ತಿದ್ದ ಹೂಂಗಳನ್ನೆಲ್ಲ ಎಣಿಸಿದೆ.
ನಿದ್ದೆಗಣ್ಣಿನ ಮಗು ಕತೆಗೆ ಹೂಂಗುಟ್ಟುವುದು.
ಬಾಡಿಗೆ ಏರಿಸಿದ ಮಾಲೀಕನಿಗೆ ಅನ್ನುವುದು.
ಹೆಣ್ಣು ನೋಡಲು ಬಂದವರೆದುರು
ನನ್ನ ಪರವಾಗಿ ಸೋದರತ್ತೆ ಅಂದದ್ದು.
ಮೌನಂ ಸಮ್ಮತಿ ಲಕ್ಷಣಂ ಎಂದವನು
ಯಾವ ಶಿಫ್ಟನ್ನೂ ನೋಡಿಕೊಂಡವನಲ್ಲ.
ಅಥವಾ, ನೋಡಿಕೊಂಡವನೇ.

ಮಾಳಿಂಗರಾಯ ಇಂಡಿ ಕಡೆಯವನು.
"ಇದು ಬರಂಗಿಲ್ರಿ" ಅಂದರೆ ಇಡೀ ಶೆಡ್ಡು ತಿರುಗುತ್ತದೆ.
ಅವನ ಕಡತದಲ್ಲಿ ಮೂರು ವರ್ಷ ನಾನೇ ಬರೆದಿದ್ದೇನೆ:
'ಮಾತು ಒರಟು.'
ಎರಡು ಹೊಲ ದಾಟಿ ತಲುಪಬೇಕಾದ ದನಿ ಅದು,
ನನ್ನ ಮಂಡ್ಯದ ಕಿವಿಗೆ ಜಗಳವಾಗಿ ಕೇಳಿತ್ತು.
ಝೋಥನ್‌ಪುಯಿಯದು ಇನ್ನೊಂದು ತರ.
"ಇನ್ನೊಂದು ಸಲ ನೋಡೋಣ" ಅನ್ನುತ್ತಾಳೆ, ಮೆತ್ತಗೆ.
ಅದು ಅವಳ ಪಾಲಿಗೆ ಖಡಾಖಂಡಿತ ಬೇಡ.
ನಾನದನ್ನು ಒಪ್ಪಿಗೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ವೈರಿಂಗ್ ಮೇಜಿನ ಕಮರುನ್ನೀಸಾಗೆ ಕಿವಿ ಕೇಳುವುದಿಲ್ಲ.
ಮೇಜನ್ನು ಎರಡು ಸಲ ತಟ್ಟಿ ನನ್ನನ್ನು ಕರೆದಳು.
ತನ್ನ ತುಟಿ ಮುಟ್ಟಿದಳು, ನನ್ನ ತುಟಿ ತೋರಿದಳು,
ಶೆಟರ್ ತೋರಿಸಿ, ಅಂಗೈಯಿಂದ ಕಣ್ಣು ಮುಚ್ಚಿದಳು.
ಅಷ್ಟು ವರ್ಷ ಬೆಳಕಿಗೆ ಬೆನ್ನು ಕೊಟ್ಟು ನಿಂತಿದ್ದ ನನ್ನ ಮುಖ
ಅವಳಿಗೆ ಬರೀ ಕಪ್ಪು.
ಆಮೇಲೆ ಕೆಂಪು ಗುಂಡಿ ಒತ್ತಿ, ಭುಜ ಕುಣಿಸಿದಳು:
ಒಳಗೆ ಸಿಕ್ಕಿಕೊಂಡಿದ್ದೇನೆ, ಗಂಟೆ ಹೊಡೆದೆ,
ಹೊರಗೆ ಯಾರಾದರೂ ಕೇಳಿಸಿಕೊಂಡರು ಅಂತ
ನನಗೆ ಹೇಗೆ ಗೊತ್ತಾಗಬೇಕು?
ಮುಚ್ಚಿದ ಮುಷ್ಟಿ ಮೆಲ್ಲಗೆ ಬಿಚ್ಚಿದಳು.
ದೀಪ.

ಈಗ ಗಂಟೆ ಕೆಳಗಿಳಿದಿದೆ, ಪಕ್ಕದಲ್ಲೊಂದು ಹಸಿರು ದೀಪ.
ಬೆಳಗಿನ ಸಭೆ ಹತ್ತು ನಿಮಿಷದಿಂದ ಇಪ್ಪತ್ತೈದಕ್ಕೆ ಹೋಗಿದೆ,
ಮಾಲೀಕರು ಗಡಿಯಾರ ನೋಡುತ್ತಾರೆ.
ಮಾಳಿಂಗರಾಯನೂ ಪಬಿತ್ರನೂ
ಒಂದು ಸ್ಕ್ರೂವಿನ ವಿಷಯಕ್ಕೆ ಮಾತು ಬಿಟ್ಟು ಎರಡು ದಿನವಾಯಿತು.
ಅವಸರವಿದ್ದಾಗ ನಾನೂ ಹಳೆಯ ಪ್ರಶ್ನೆಗೇ ಜಾರುತ್ತೇನೆ.

ಆದರೆ ನಿಲ್ಲುವುದು ಮಾತ್ರ ಬಿಸಿಲಿಗೆ ಮುಖ ಮಾಡಿ.
ಕಣ್ಣು ಕಿರಿದಾಗಿ ನೀರು ಸುರಿಯುತ್ತದೆ,
ಹುಡುಗರು ಕಿಸಕ್ಕನೆ ನಗುತ್ತಾರೆ.
"ಇದರಲ್ಲಿ ತಪ್ಪೆಲ್ಲಿದೆ?" ಅನ್ನುತ್ತೇನೆ
ತುಟಿ ಬಿಡಿಸಿ, ನಿಧಾನ.
ಹೊರಗೆ ಫ್ಲೈಓವರಿನ ಮೇಲೆ ಲಾರಿಗಳು.
ಒಳಗೆ ಯಾರೂ ಉಸಿರೆತ್ತುವುದಿಲ್ಲ.
ತಡೆಯಲಾಗದೆ ನಾನೇ ಬಾಯಿ ತೆರೆಯಬೇಕು, ಅಷ್ಟರಲ್ಲಿ

ಹಿಂದಿನ ಸಾಲಿನಿಂದ, ಸೋಮವಾರವಷ್ಟೇ ಸೇರಿದ ಹುಡುಗ,
ಹೆಸರಿನ್ನೂ ಬಾಯಿಗೆ ಕೂತಿಲ್ಲ,
ಫಲಕ ನೋಡುತ್ತಲೇ, ತನ್ನಷ್ಟಕ್ಕೆ:

ಊಹೂಂ.